ಕಾಕಾ ಬಂದರೆ ಕಾಲು ಮುಚ್ಚಿಕೊಳ್ಳಿ

ಮನೆಗೆ ನೆಂಟರು ಬಂದರೆ ನೀವೇನು ಮಾಡುತ್ತೀರಿ? ನೀರು ಕೊಡುತ್ತೀರಿ, ಫ್ಯಾನು ಹಾಕುತ್ತೀರಿ, ಕುರ್ಚಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತೀರಿ. ನಮ್ಮ ಕಾಕಾ ಬಂದರೆ ನಾವು ಮೊದಲು ಕಾಲು ಮುಚ್ಚಿಕೊಳ್ಳುತ್ತಿದ್ದೆವು! ಗೇಟು ಕಿರ್ ಎಂದದ್ದೇ ತಡ, ಅವ್ವ ಅಡಿಗೆಮನೆಯಿಂದ "ಕಾಕಾ ಬಂದ್ರು, ಕಾಲ ಒಳಗ ತಗೋರಿ" ಎಂದು ಕೂಗುತ್ತಿದ್ದಳು. ಅಪ್ಪ ಲುಂಗಿ ಇಳಿಬಿಡುತ್ತಿದ್ದರು. ನಾನು ಲಂಗ ಎಳೆದುಕೊಂಡು ಗುಬ್ಬಚ್ಚಿಯ ಹಾಗೆ ಮುದುಡಿ ಕೂರುತ್ತಿದ್ದೆ. ಅಜ್ಜಿಯಂತೂ ಮೇ ತಿಂಗಳ ಹೈದರಾಬಾದಿನಲ್ಲಿ ಕೌದಿ ಹೊದೆಯುತ್ತಿದ್ದಳು. ಬೆವರಿ ಬೆವರಿ ಪಾಪ ಮುಖ ಕೆಂಪಾಗುತ್ತಿತ್ತು, ಆದರೆ ಹೆಬ್ಬೆರಳಿನ ತುದಿಯನ್ನೂ ಹೊರಗೆ ಬಿಡುತ್ತಿರಲಿಲ್ಲ.

ಕಾಕಾ ಎಂದರೆ ಅವ್ವನ ತಂಗಿಯ ಗಂಡ, ನಮ್ಮ ಚಿಗವ್ವನ ಯಜಮಾನರು. ಕುಷಾಯಿಗೂಡದಲ್ಲಿ ಮನೆ. ಸರಕಾರಿ ಕಾರ್ಖಾನೆಯೊಂದರಲ್ಲಿ ಅವರದು ಅಳೆಯುವ ಕೆಲಸ. ಬೇರೆಯವರು ಮಾಡಿದ ಸಾಮಾನು ಕೂದಲೆಳೆಯಷ್ಟು ದಪ್ಪವಿದ್ದರೂ ತಪ್ಪು, ತೆಳುವಿದ್ದರೂ ತಪ್ಪು ಎಂದು ಹೇಳಿ ದಿನವಿಡೀ ಎಲ್ಲರ ಕೈಲಿ ಬೈಸಿಕೊಳ್ಳುವ ಕೆಲಸ. ಅಷ್ಟಕ್ಕೇ ಯಾರಾದರೂ ಕಾಲು ಮುಚ್ಚಿಕೊಳ್ಳುತ್ತಾರೆಯೇ? ಇಲ್ಲ. ಅವರ ಅಂಗಿಯ ಜೇಬಿನಲ್ಲಿ ಒಂದು ಬಿಳಿ ನೂಲಿನ ಉಂಡೆ ಇರುತ್ತಿತ್ತು. ಕಾಲು ಮುಚ್ಚಿಕೊಳ್ಳುತ್ತಿದ್ದದ್ದು ಅದಕ್ಕೆ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಪತ್ರಿ ಇಟ್ಟು, ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತೇವೆ. ಆ ಕುಣಿಗೆ ಟೇಪು ಹಿಡಿಯುವಂತಿಲ್ಲ. ಸತ್ತವರ ಪಾದವೇ ಅಳತೆ. ಉದ್ದಕ್ಕೆ ಇಷ್ಟು ಪಾದ, ಅಗಲಕ್ಕೆ ಇಷ್ಟು ಪಾದ, ಆಳಕ್ಕೆ ಇಷ್ಟು ಪಾದ. ದೊಡ್ಡ ಪಾದದವರಿಗೆ ದೊಡ್ಡ ಕೋಣೆ, ಸಣ್ಣ ಪಾದದವರಿಗೆ ಸಣ್ಣ ಕೋಣೆ. ಊರಿನಲ್ಲಾದರೆ ಮನೆಯ ಹಿರಿಯರು ಯಾರೋ ಮಾಡುತ್ತಾರೆ. ಹೈದರಾಬಾದಿಗೆ ನೌಕರಿಗೆಂದು ಬಂದ ನಮ್ಮವರಲ್ಲಿ ಇದು ಸರಿಯಾಗಿ ಗೊತ್ತಿದ್ದವರು ಕಾಕಾ ಒಬ್ಬರೇ. ಹೀಗಾಗಿ ಯಾರ ಮನೆಯಲ್ಲಿ ಸಾವಾದರೂ ಪೂಜೆ ಮಾಡಿಸುವ ಅಯ್ಯನವರಿಗಿಂತ ಮೊದಲು ಕಾಕಾಗೆ ಫೋನು. ಕಾಕಾ ಬಂದು ಹೆಣದ ಅಂಗಾಲಿಗೆ ನೂಲು ಹಿಡಿದು, ಗಂಟು ಹಾಕಿ, ಮಾತಾಡದೆ ರುದ್ರಭೂಮಿಗೆ ಹೊರಡುತ್ತಿದ್ದರು. ಅಂಥವರು ಹಬ್ಬದ ದಿನ ಹೋಳಿಗೆ ತಿನ್ನುತ್ತ ನಿಮ್ಮ ಪಾದವನ್ನೇ ದಿಟ್ಟಿಸಿದರೆ ಹೋಳಿಗೆ ಯಾರ ಗಂಟಲಲ್ಲಿ ಇಳಿಯುತ್ತದೆ ಹೇಳಿ?

ಒಮ್ಮೆ ಒಂದು ಮದುವೆಯಲ್ಲಿ ನಮ್ಮ ದೂರದ ನೆಂಟರೊಬ್ಬರು ಧೈರ್ಯ ತೋರಿಸಲು ಹೋದರು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ. ಎಲ್ಲರೆದುರು ಕಾಲು ಚಾಚಿ, "ತಗೋರಿ, ನಂದೂ ಅಳದು ಇಟಗೋರಿ, ಆಮ್ಯಾಲ ಅವಸರಾಗ್ತೈತಿ!" ಎಂದು ನಕ್ಕರು. ಕಾಕಾ ನಗಲಿಲ್ಲ. ಬಗ್ಗಿ ನೋಡಿದರು. "ಗೇಣಿನ ಮ್ಯಾಲ ಮೂರು ಬೊಟ್ಟು" ಎಂದರು, ಗೇಣಿಗಿಂತ ಮೂರು ಬೆರಳಗಲ ಹೆಚ್ಚು. ಆಮೇಲೆ ಮತ್ತೇನೋ ಅಂದರು. ಆ ಮನುಷ್ಯ ದೀಪಾವಳಿ ನೋಡಲಿಲ್ಲ! ಅಲ್ಲಿಂದ ಮುಂದೆ ಕಾಕಾ ಮದುವೆಗೆ ಬಂದರೆ ಜನ ಬೂಟು ಬಿಚ್ಚದೆ ಊಟಕ್ಕೆ ಕೂರುತ್ತಿದ್ದರು. ಕಾಕಾ ಆಮೇಲೆ ಅಂದದ್ದು "ಪಾದ ಊದಾವು, ಡಾಕ್ಟರಿಗಿ ತೋರಸ್ರಿ" ಎಂಬ ಮಾತು. ಅದನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಇನ್ನೊಂದು ಸಾವು. ಅಳೆಯಲು ಕಾಕಾ ಮಲ್ಕಾಜ್‌ಗಿರಿಗೆ ಬರುವುದು ತಡವಾಗುತ್ತದೆಂದು ತೀರಿಕೊಂಡವರ ಮಗ ಫೋನಿನಲ್ಲೇ ಹೇಳಿದ: "ಕಾಕಾರ, ಅಪ್ಪಾರದು ಎಂಟು ನಂಬರ್ ಬೂಟ್ರಿ."

"ಯಾರ ಎಂಟು?"

"ಅಂಗಡಿಯವರದರಿ."

"ಹಂಗಾದ್ರ ಅಂಗಡಿಯವರನ್ನ ಮಣ್ಣ ಮಾಡೂನೇನು? ಚಪ್ಪಲಿ ನೋಡಿ ಪಾದ ಹೇಳೋದು ಅಂದ್ರ ರುಮಾಲು ನೋಡಿ ತಲಿ ಹೇಳಿದಂಗ. ನಾ ಬರೂತನಕ ಯಾರೂ ಗುದ್ದಲಿ ಮುಟ್ಟಬ್ಯಾಡ್ರಿ!"

ಇಡೀ ಬಂಧುಬಳಗ ಬಿಸಿಲಿನಲ್ಲಿ ಅರ್ಧ ದಿನ ಕಾಯಿತು. ಕಾಕಾ ಎರಡು ಬಸ್ಸು ಬದಲಿಸಿ ಬಂದು, ನೂಲು ಹಿಡಿದು, ಸಮಾಧಾನದಿಂದ ಟೀ ಕೇಳಿದರು.

ಅವರ ಜೊತೆ ಮಾತಾಡುವಾಗ ಬಾಯಿ ತಪ್ಪಿಯೂ "ಉದ್ದ" ಎನ್ನಬಾರದು. ಚಿಗವ್ವ ತೀರಿಕೊಂಡ ಮೇಲೆ ಈ ಹುಚ್ಚು ಹತ್ತಿಕೊಂಡಿತು. "ಭಾಳ ಉದ್ದ ಐತ್ರಿ" ಎಂದಿರೋ, ಮುಗಿಯಿತು. "ಉದ್ದ ಅಂದ್ರ ಯಾರ್ರಿ? ಅಂವನ್ನ ನೀವು ನೋಡೀರೇನು? ಗೇಣು ಅನ್ರಿ, ಕೈ ಕಾಣಸ್ತೈತಿ. ಮೊಳ ಅನ್ರಿ, ಮೊಣಕೈ ಕಾಣಸ್ತೈತಿ. ಮಾರು ಅಂದ್ರ ಒಬ್ಬ ಮನಿಷ್ಯಾ ಎರಡೂ ಕೈ ಚಾಚಿ ನಿಂತಿರ್ತಾನ. ಉದ್ದ ಅಂದ್ರ? ಮಾರಿ ಇಲ್ಲ, ಮೈ ಇಲ್ಲ!"

ಒಮ್ಮೆ ನಮ್ಮ ಮಲ್ಕಾಜ್‌ಗಿರಿ ಮನೆಯಲ್ಲಿ ಊಟಕ್ಕೆ ಕೂತಾಗ ನನ್ನ ಗಂಡ ತಡೆಯಲಾರದೆ ಕೇಳಿಯೇ ಬಿಟ್ಟರು. ಅವರು ರೈಲ್ವೆಯವರು, ಕಿಲೋಮೀಟರಿನ ಮೇಲೆ ಬದುಕುವ ಜನ. "ಕಾಕಾರ, ಗೇಣೂ ಉದ್ದನ ಅಲ್ಲೇನ್ರಿ? ಮೊಳಾನೂ ಉದ್ದನ. ಎಲ್ಲಾ ಅದರೊಳಗಿಂದ."

ಕಾಕಾ ತುತ್ತು ಕೆಳಗಿಟ್ಟರು. "ಬರೋಬರಿ ಅಂದ್ರಿ. ಅಳತಿ ಅನ್ನೋದು ಮನೆತನ. ಉದ್ದ ಅನ್ನೋದು ಅದರಾಗಿನ ಒಂದು ಮನಿ. ಗೇಣು, ಮೊಳ, ಮಾರು, ಪಾದ, ಬೊಟ್ಟು, ಇವೆಲ್ಲ ಆ ಮನಿ ಮಕ್ಕಳು. ಈಗ ನೀವು ಬಾಗಲದಾಗ ನಿಂತು ಮಗನ ಹೆಸರು ಹಿಡದು ಕರದ್ರ ಆ ಮಗ ಬರ್ತಾನ. ಬರೇ ಮನಿ ಹೆಸರು ಹಿಡದು ಕೂಗಿದ್ರ ಯಾರು ಬರಬೇಕು? ಯಾರ ಬೇಕಾದ್ರೂ ಬರಬಹುದು." ಅವರು ನಮ್ಮ ತೆರೆದ ಬಾಗಿಲಿನ ಕಡೆ ನೋಡಿದರು. "ಕರೀದೇ ಇದ್ದಾರೂ ಬರಬಹುದು."

ಕಾಕಾ ಸಾರಿಗೆ ಕೈಯಿಟ್ಟು ನಿಧಾನವಾಗಿ ಮುಂದುವರಿಸಿದರು. "ಉದ್ದ, ಎತ್ತರ, ಆಳ, ದೂರ ಅಂತ ನಾಕು ಮಂದಿ ಅಂದಕೊಂಡೀರಿ ನೀವು. ಒಬ್ಬನ ಅಂವಾ. ಮಲಗಿದ್ರ ಉದ್ದ. ನಿಂತ್ರ ಎತ್ತರ. ಇಳದ್ರ ಆಳ. ಹೋದ್ರ ದೂರ." ನನ್ನ ಗಂಡ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ಹಾಡುಹಗಲು, ಹೊರಗೆ ತರಕಾರಿ ಗಾಡಿಯವನು ಕೂಗುತ್ತಿದ್ದ, ಆದರೂ ಹಾಕಿಕೊಂಡು ಬಂದರು.

ಈ ಸಿಟ್ಟು ಎಲ್ಲಿಂದ ಬಂತೆಂದು ನಮಗೆಲ್ಲ ಗೊತ್ತಿತ್ತು. ಚಿಗವ್ವ ಜ್ವರದಲ್ಲಿ ಆಸ್ಪತ್ರೆಗೆ ಹೋದವಳು ಮನೆಗೆ ಬರಲೇ ಇಲ್ಲ. ಅಲ್ಲಿಂದ ನೇರ ಶಂಶಾಬಾದಿನ ಆಚೆ, ಹೆದ್ದಾರಿಯ ಪಕ್ಕದಲ್ಲಿರುವ ನಮ್ಮವರ ರುದ್ರಭೂಮಿಗೆ ತಂದರು. ಎಲ್ಲರ ಪಾದಕ್ಕೂ ನೂಲು ಹಿಡಿದ ಕಾಕಾ ಅಂದು ವ್ಯಾನಿನಿಂದ ಇಳಿಯಲೇ ಇಲ್ಲ. ಜೇಬಿನ ನೂಲು ಜೇಬಿನಲ್ಲೇ ಉಳಿಯಿತು. ಮಳೆ ಬರುವ ಹಾಗಿತ್ತು. ಮಣ್ಣು ತೋಡುವ ಯಂತ್ರದವನು ಎಷ್ಟು ಉದ್ದ ಎಂದು ಕೇಳಿದ. ಯಾರೋ, ಯಾರೆಂದು ಇವತ್ತಿಗೂ ಗೊತ್ತಿಲ್ಲ, "ಉದ್ದ ಇರಲಿ ಬಿಡು, ಉದ್ದ ಇರಲಿ" ಎಂದುಬಿಟ್ಟರು. ಯಂತ್ರ ತನ್ನ ಮನಸ್ಸಿಗೆ ಬಂದಷ್ಟು ತೋಡಿತು. ಹಿಡಿಯಷ್ಟಿದ್ದ ನಮ್ಮ ಚಿಗವ್ವನನ್ನು ಅಷ್ಟು ದೊಡ್ಡ ಕುಣಿಯಲ್ಲಿ ಕೂಡಿಸಿ ಮಣ್ಣೆಳೆದರು.

"ಅಳತಿ ಮೀರಿದ ಜಾಗಾ ಖಾಲಿ ಉಳಿಯಂಗಿಲ್ಲ ಯವ್ವಾ" ಎಂದು ಕಾಕಾ ಒಮ್ಮೆ ನನ್ನ ಕಿವಿಯಲ್ಲಿ ಅಂದರು. "ಏನರ ಬಂದು ಕೂಡ್ತೈತಿ. ಆಕಿ ಬಾಜೂಕ ಯಾರು ಕೂತಾರೋ ಏನೋ." ಚಿಗವ್ವ ಅಂಜುಬುರುಕಿ. ಬಸ್ಸಿನಲ್ಲಿ ಕೂಡ ಅಪರಿಚಿತರ ಪಕ್ಕ ಕೂತವಳಲ್ಲ. ಊರಿಗೆ ಹೋಗುವಾಗ ಕಾಕಾ ಕೆಳಗೆ ನಿಂತು ಸಾಮಾನು ಏರಿಸುತ್ತಿದ್ದರೆ ಇವಳು ಮೊದಲೇ ಹತ್ತಿ, ಪಕ್ಕದ ಸೀಟಿಗೆ ಟವೆಲು ಹಾಸಿ, ಅದರ ಮೇಲೆ ಕೈಯಿಟ್ಟು ಕೂರುವಳು. ಯಾರಾದರೂ ಬಂದರೆ, "ನಮ್ಮ ಮನಿಯವರು ಬರಾಕತ್ತಾರ್ರಿ!" ಎಂದು ಅಳುವ ದನಿಯಲ್ಲಿ ಹೇಳುವಳು. ಬಸ್ಸು ಹೊರಟು, ಕಾಕಾ ಬಾಗಿಲಲ್ಲಿ ಯಾರೊಂದಿಗೋ ವಾದಿಸುತ್ತಿದ್ದರೂ ಆ ಸೀಟು ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ.

ಕುಷಾಯಿಗೂಡದ ಮನೆ ಅವಳು ಹೋದ ಮೇಲೆ ವಿಚಿತ್ರವಾಯಿತು. ಮುಸ್ಸಂಜೆಗೆ ಕಾಕಾ ಬಾಗಿಲು ತೆರೆದಿಟ್ಟು, ದೀಪ ಹಾಕದೆ, ನೆಲ ನೋಡುತ್ತ ಕೂರುವರು. "ಆಕಿಗಿ ಅಲ್ಲಿ ಹಿಡಸಂಗಿಲ್ಲ, ಎದ್ದು ಬರ್ತಾಳ" ಎನ್ನುವರು. ಕೆಲಸದವಳು ಎರಡನೆಯ ವಾರಕ್ಕೇ ಬಿಟ್ಟು ಹೋದಳು. ಬೀದಿಯಲ್ಲಿ ಕಾಕಾ ಈಗ ಹೆಂಗಸರ ಪಾದಗಳನ್ನು ನೋಡತೊಡಗಿದರು. ಬಸ್‌ಸ್ಟಾಪಿನಲ್ಲಿ, ಗುಡಿಯ ಮುಂದೆ, ಪಡಿತರ ಅಂಗಡಿಯ ಸಾಲಿನಲ್ಲಿ. ಒಬ್ಬಾಕೆ ಚಪ್ಪಲಿ ಕೈಗೆ ತೆಗೆದುಕೊಂಡಳು! ಕಾಕಾ ಚಪ್ಪಲಿ ಬಿಚ್ಚಿದ ಆ ಪಾದವನ್ನೂ ನೋಡಿ, "ಅಲ್ಲ, ದೊಡ್ಡದಾತು" ಎಂದು ಮುಂದೆ ಹೋದರಂತೆ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಕೆಲವರು, ಮುಂದಿನ ಹೆಣ ಹುಡುಕುತ್ತಿದ್ದಾನೆ ಎಂದು ಕೆಲವರು. ನಾವು ಇನ್ನೂ ಗಟ್ಟಿಯಾಗಿ ಕಾಲು ಮುಚ್ಚಿಕೊಂಡೆವು.

ಹೂವಿನ ಅಂಗಡಿಯಲ್ಲಿ ಇನ್ನೊಂದು ನಾಟಕ. ತೆಲುಗಿನಲ್ಲಿ ಮೊಳಕ್ಕೆ ಮೂರ ಎನ್ನುತ್ತಾರೆ. ಹೂವಿನವಳು "ಎನ್ನಿ ಮೂರಲು ಸಾರ್?" ಎಂದು ಎಷ್ಟು ಮೊಳ ಬೇಕೆಂದು ಕೇಳಿದರೆ ಇವರು "ಎವರಿ ಮೂರ?" ಎಂದು ಕೇಳುವರು. ಯಾರ ಮೊಳ?

"ನಾ ಮೂರೇ ಸಾರ್, ಇಂಕೆವರಿದಿ?" ನನ್ನದೇ, ಇನ್ಯಾರದು ಎಂದು ಅವಳು ತನ್ನ ಗಟ್ಟಿಮುಟ್ಟಾದ ತೋಳು ತೋರಿಸುವಳು. ಕಾಕಾ ತಲೆಯಾಡಿಸಿ, ಪಕ್ಕದಲ್ಲಿ ಕೂತ ಬಡಕಲು ಮುದುಕಿಯ ಹತ್ತಿರ ಹೋಗಿ ಅವಳ ಗಿಡ್ಡ ಕೈಯ ಮೊಳ ಕೊಳ್ಳುವರು. ಹೂವು ಕಡಿಮೆ, ದುಡ್ಡು ಅಷ್ಟೇ. "ನಿಮ್ಮ ಚಿಗವ್ವಗ ಇಷ್ಟ ಬರೋಬರಿ" ಎನ್ನುವರು. ಚಿಗವ್ವನ ಮೊಳ ಅವರಿಗೆ ಗೊತ್ತಿತ್ತು, ಇಷ್ಟು ವರ್ಷ ಮಲ್ಲಿಗೆ ತಂದುಕೊಟ್ಟವರಲ್ಲವೇ. ಅವಳ ಗೇಣೂ ಗೊತ್ತಿತ್ತು. ಪಾದ ಕಣ್ಣಿಗೆ ಗೊತ್ತಿತ್ತು, ಅದರ ಅಳತೆ ಮಾತ್ರ ಗೊತ್ತಿರಲಿಲ್ಲ. ಬದುಕಿರುವ ಹೆಂಡತಿಯ ಪಾದಕ್ಕೆ ನೂಲು ಹಿಡಿಯಲು ಯಾವ ಗಂಡನಿಗೆ ಮನಸ್ಸು ಬರುತ್ತದೆ? ಅವಳ ಚಪ್ಪಲಿಗಳನ್ನು ನಮ್ಮವ್ವ ಹನ್ನೊಂದನೆಯ ದಿನವೇ ದಾನ ಕೊಟ್ಟಿದ್ದಳು.

ಇನ್ನು ಶ್ರಾವಣದ ಆ ಸೋಮವಾರದ ಸಂಗತಿ. ಸಂಜೆ ನಾನು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಕುಷಾಯಿಗೂಡಕ್ಕೆ ಹೋದೆ. ಕಾಲಿಗೆ ಸಾಕ್ಸು ಹಾಕಿಕೊಂಡಿದ್ದೆ. ಹೌದು, ಸೀರೆಯ ಕೆಳಗೆ ಸಾಕ್ಸು, ಅದರ ಮೇಲೆ ಚಪ್ಪಲಿ! ಕಾಕಾ ಮನೆಗೆ ಹೋಗುವಾಗ ನನ್ನ ವೇಷವೇ ಅದು. ಆದರೆ ಅವರ ಬೀದಿಯನ್ನು ಪೈಪಿಗೆಂದು ಅಗೆದಿದ್ದರು, ಮೇಲೆ ಮಳೆ. ಮೊಣಕಾಲ ತನಕ ಕೆಸರು. ಸಾಕ್ಸು ಬಿಚ್ಚಿ, ಅಂಗಳದ ನಲ್ಲಿಯಲ್ಲಿ ಕಾಲು ತೊಳೆದು, ತೆರೆದಿದ್ದ ಬಾಗಿಲಿನಿಂದ ಒಳಗೆ ಹೋದೆ. ಕರೆಂಟು ಇರಲಿಲ್ಲ. ಕಾಕಾ ಹಿತ್ತಲಿನಲ್ಲಿದ್ದಂತಿತ್ತು. ನಡುಮನೆ ದಾಟಿ ಅಡಿಗೆಮನೆಗೆ ಹೋಗಿ ಕಟ್ಟೆಯ ಮೇಲೆ ಡಬ್ಬಿ ಇಟ್ಟೆ.

ಹಿತ್ತಲಿನಿಂದ ಕಾಕಾ ನಡುಮನೆಗೆ ಬಂದದ್ದು ಅಡಿಗೆಮನೆಯ ಬಾಗಿಲಿನ ಪರದೆಯ ಸಂದಿನಿಂದ ಕಾಣಿಸಿತು. ಕರೆಯಬೇಕೆಂದು ಬಾಯಿ ತೆರೆದೆ. ಅವರು ತಟ್ಟನೆ ನಿಂತರು. ಮಬ್ಬು ಬೆಳಕಿನಲ್ಲಿ ನೆಲ ನೋಡುತ್ತಿದ್ದರು. ಬಾಗಿಲಿನಿಂದ ಅಡಿಗೆಮನೆಯವರೆಗೆ ಒದ್ದೆ ಹೆಜ್ಜೆಗಳು ಮೂಡಿದ್ದವು. ಕಾಕಾ ಗೋಡೆ ಹಿಡಿದು ನಿಧಾನವಾಗಿ ಕೆಳಗೆ ಕೂತರು. ಬಲಗೈ ಚಾಚಿ ಮೊದಲ ಹೆಜ್ಜೆಯ ಪಕ್ಕ ಗೇಣು ಹಾಕಿದರು.

"ಬಂದಿ?" ಎಂದರು.

"ಹೂಂ" ಎಂದರೂ ತಪ್ಪು, "ಇಲ್ಲ" ಎಂದರೂ ತಪ್ಪು!

"ಇಷ್ಟು ದಿವಸ ಯಾಕ ಕಾಣಿಸಲಿಲ್ಲ? ದಿನಾ ಕಾಯಾಕತ್ತೀನಲ್ಲ ನಾ." ಎರಡನೆಯ ಹೆಜ್ಜೆಗೆ ಸರಿದರು, ಮಂಡಿಯೂರಿ. ಮತ್ತೆ ಗೇಣು. "ಅಲ್ಲಿ ಅಂಜಿಕಿ ಆಗ್ತೈತೇನು? ಬಾಜೂಕ ಯಾರದಾರ? ಹೇಳು." ಮೂರನೆಯದು. ಅವರ ಬೆರಳುಗಳು ಕಂಬಳಿಹುಳದ ಹಾಗೆ ಮಡಚಿ ಚಾಚಿ, ಮಡಚಿ ಚಾಚಿ, ಹೆಜ್ಜೆ ಹೆಜ್ಜೆಯನ್ನೂ ಅಳೆಯುತ್ತ ನಾನಿದ್ದಲ್ಲಿಗೇ ಬರುತ್ತಿದ್ದವು. ನಾನು ಕಟ್ಟೆಗೆ ಒತ್ತಿಕೊಂಡೆ. ಇನ್ನು ಹಿಂದೆ ಸರಿಯಲು ಜಾಗವಿರಲಿಲ್ಲ. ನಾನು ನಾನೇ ಎಂಬ ನಂಬಿಕೆ ಕೂಡ ನನಗೆ ಸ್ವಲ್ಪ ಸಡಿಲವಾಗಿತ್ತು ನೋಡಿ. ಪರದೆಯ ಕೆಳಗಿನಿಂದ ಕೈ ಒಳಗೆ ಬಂತು. ಕೊನೆಯ ಹೆಜ್ಜೆಯ ಮೇಲೆ ಗೇಣು ಹಾಕಿತು. ಅಲ್ಲಿದ್ದದ್ದು ಹೆಜ್ಜೆಯಲ್ಲ, ನನ್ನ ಪಾದ!

ನಾನು ಕಿರುಚಿದೆ. ಪರದೆಯ ಆಚೆ ಕಾಕಾ ನನಗಿಂತ ಜೋರಾಗಿ ಕಿರುಚಿದರು. ಪಕ್ಕದ ಮನೆಯವರು "ಏಮಯ್ಯಿಂದಿ? ಏಮಯ್ಯಿಂದಿ?" ಎಂದು ಏನಾಯಿತೆಂದು ಕೇಳುತ್ತ ಗೋಡೆ ಬಡಿದರು. ಅಷ್ಟರಲ್ಲಿ ಕರೆಂಟು ಬಂತು.

ಕಾಕಾ ಪರದೆ ಸರಿಸಿ ನನ್ನ ಮುಖ ನೋಡಿದರು. "ನೀನಾ" ಎಂದರು. ಎಷ್ಟು ಸಣ್ಣ ದನಿಯಲ್ಲಿ ಎಂದರೆ, ನಾನಲ್ಲದೆ ಬೇರೆ ಯಾರಾದರೂ ಆಗಿರಬಾರದಿತ್ತೇ ಎಂದು ನನಗೇ ಅನಿಸಿತು. ಆದರೆ ಕೈಯನ್ನು ಪಾದದಿಂದ ತೆಗೆದಿರಲಿಲ್ಲ. ಬಗ್ಗಿ ನೋಡಿದರು. ಹೆಬ್ಬೆರಳಿಗಿಂತ ಉದ್ದದ ಎರಡನೆಯ ಬೆರಳು, ಒಳಕ್ಕೆ ಬಾಗಿದ ಕಿರುಬೆರಳು. ಅಜ್ಜಿಯ ಪಾದ ನಮ್ಮವ್ವನಿಗೆ ಬರಲಿಲ್ಲ, ಚಿಗವ್ವನಿಗೆ ಬಂದು, ಆಮೇಲೆ ನನಗೆ ಬಂದಿದೆ. ಮದುವೆಮನೆಗಳಲ್ಲಿ ನಾವಿಬ್ಬರೂ ಒಬ್ಬರ ಚಪ್ಪಲಿ ಒಬ್ಬರು ಮೆಟ್ಟಿಕೊಂಡು ಹೋಗುತ್ತಿದ್ದೆವು.

"ಆಕಿ ಪಾದ ಇದ" ಎಂದರು ಕಾಕಾ. "ಹೈದರಾಬಾದ್ ತುಂಬ ಹುಡಕೀನಿ. ನಮ್ಮ ಮನಿಯಾಗ ಐತಿ! ಇಷ್ಟು ದಿವಸ ಯಾಕ ತೋರಸ್ಲಿಲ್ಲ ನೀ?"

"ನೀವು ಬಂದಾಗೆಲ್ಲ ಮುಚಗೊಂಡು ಕೂಡತಿದ್ವಲ್ರಿ ಕಾಕಾ."

"ಯಾಕ?"

ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ! ಹೇಗೆ ಹೇಳುವುದು? "ನಿಮ್ಮ ಅಳತಿ ಬಿದ್ರ ಸಾಯ್ತೀವಂತ ಅಂಜಿಕಿರಿ" ಎಂದೆ. ಕಾಕಾ ನಗಲು ಹತ್ತಿದರು. "ನಿಮ್ಮಜ್ಜಿ ಬ್ಯಾಸಗಿಯಾಗ ಕೌದಿ ಹೊದೀತಿದ್ದದ್ದು ಇದಕ್ಕೇನು?" ಎಂದು ಕಣ್ಣೊರೆಸಿಕೊಂಡು ನಕ್ಕರು. ಜೇಬಿನಿಂದ ನೂಲು ತೆಗೆದರು, ನನ್ನ ಮುಖ ನೋಡಿದರು. ನಾನು ಕಾಲು ಮುಂದಿಟ್ಟೆ. ಅವರು ನೂಲು ಹಿಡಿದರು. ಎದೆ ಬಡಿದುಕೊಂಡಿತು ನಿಜ, ಆದರೆ ಕಚಗುಳಿಯೂ ಆಯಿತು.

"ಗೇಣಿಗೆ ಒಂದು ಬೊಟ್ಟು ಕಡಿಮಿ" ಎಂದರು.

ಆಮೇಲೆ ದೇವರ ಗೂಡಿನಿಂದ ರಂಗೋಲಿ ತಂದು ನಡುಮನೆಯ ನೆಲದ ಮೇಲೆ ಗೆರೆ ಹಾಕತೊಡಗಿದರು. ಮೊದಲು ಒಂದು ದೊಡ್ಡ ಚೌಕ. ಯಂತ್ರ ತೋಡಿದ ಕುಣಿ ಅದು. ಮೇಲಿನ ಮಣ್ಣಿಗೆ ನೂಲು ಹಿಡಿದು ಅದರ ಅಳತೆಯನ್ನು ಅವರು ಎಂದೋ ತಂದಿಟ್ಟುಕೊಂಡಿದ್ದರು. ಆಮೇಲೆ ಹೊಸ ನೂಲನ್ನು ಮಡಚಿ ಮಡಚಿ ಇಟ್ಟು, ಅದರೊಳಗೆ ಒಂದು ಮೂಲೆಗೆ ಒತ್ತಿ ಚಿಗವ್ವನ ಕೋಣೆ. ಅದೆಷ್ಟು ಸಣ್ಣದಾಗಿತ್ತು! ಗೊಂಬೆಮನೆಯ ಹಾಗೆ ಕಂಡಿತು. ಅದರ ಪಕ್ಕ ಹೊರಗಿನ ಗೆರೆಯವರೆಗೆ ಖಾಲಿ ನೆಲ ಉಳಿಯಿತು. ಕಾಕಾರನ್ನು ಇಷ್ಟು ದಿನ ಹೆದರಿಸಿದ ಜಾಗ ಅದು. ಇಬ್ಬರೂ ಅದನ್ನೇ ನೋಡುತ್ತ ನಿಂತೆವು.

ಕಾಕಾ ಪಂಚೆ ಎತ್ತಿಕೊಂಡು ಗೆರೆ ದಾಟಿ ಆ ಖಾಲಿ ಜಾಗದಲ್ಲಿ ಕೂತರು. ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ನಮ್ಮವರನ್ನು ಕೊನೆಗೆ ಕೂಡಿಸುವ ಹಾಗೆಯೇ. ಎಡ ಮೊಣಕಾಲು ಚಿಗವ್ವನ ಗೆರೆಗೆ ತಾಗಿತು, ಬಲ ಮೊಣಕಾಲು ಹೊರಗಿನ ಗೆರೆಗೆ. ಆಚೆ ಒಂದು ಬೊಟ್ಟಿಲ್ಲ, ಈಚೆ ಒಂದು ಬೊಟ್ಟಿಲ್ಲ.

"ಯವ್ವಾ" ಎಂದರು. "ಅಲ್ಲಿ ಯಾರೂ ಬಂದು ಕೂತಿಲ್ಲ. ಹುಚ್ಚಿ, ಟವೆಲ್ ಹಾಕಿ ಇಟ್ಟಾಳ. ಬಂದಬಂದಾರಿಗೆಲ್ಲ ನಮ್ಮ ಮನಿಯವರು ಬರಾಕತ್ತಾರ ಅಂತ ಹೇಳಾಕತ್ತಿರಬೇಕು."

ನನಗೆ ಅಳು ತಡೆಯಲಾಗಲಿಲ್ಲ. ಸೆರಗಿನಿಂದ ಮೂಗೊರೆಸಿಕೊಂಡು, "ಬಸ್ಸು ಬಿಡೋದು ಇನ್ನೂ ಭಾಳ ತಡಾ ಐತ್ರಿ ಕಾಕಾ. ಎದ್ದು ರೊಟ್ಟಿ ತಿನ್ರಿ, ಆರಾಕತ್ತಾವು" ಎಂದೆ.

ಅವರು ಗೆರೆ ಅಳಿಸದ ಹಾಗೆ ಪಂಚೆ ಒತ್ತಿ ಹಿಡಿದು ಹುಷಾರಾಗಿ ಎದ್ದು ಬಂದರು. ನಾನು ಬರಿಗಾಲು ಚಾಚಿಕೊಂಡು ಎದುರಿಗೆ ಕೂತು ಬಡಿಸಿದೆ.